ಹಗೇವಿನ ಬಾಯಿ

ಅಥಣಿಯ ನಮ್ಮ ತವರುಮನೆಯ ಮುಂದೆ ಒಂದು ಹಗೇವು ಇತ್ತು. ನೆಲದೊಳಗೆ ತೋಡಿದ ಆ ಕಣಜದಲ್ಲಿ ಮೂರು ಮನೆಯವರ ಜೋಳ ಇರುತ್ತಿತ್ತು. ಬಾಯಿ ತೆಗೆಯುವ ದಿನ ಮೂರೂ ಮನೆಯವರು ಹಾಜರಿರಬೇಕು. ಒಬ್ಬರೇ ತೆಗೆಯುವಂತಿರಲಿಲ್ಲ. ಹೋದ ವರ್ಷ ನಿಪ್ಪಾಣಿಯಿಂದ ನನ್ನ ತಂಗಿಯ ಮಗಳು ಫೋನು ಮಾಡಿದಾಗ ಆ ಹಗೇವು ನೆನಪಾಯಿತು.

ಹುಡುಗಿ ನಿಪ್ಪಾಣಿಯ ತಂಬಾಕು ಕಾರ್ಮಿಕ ಹೆಣ್ಣುಮಕ್ಕಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. 1980ರ ಆಸುಪಾಸಿನಲ್ಲಿ ಸಂಘಟನೆ ಕಟ್ಟಿಕೊಂಡ ಆ ಹೆಂಗಸರ ಮಾತನ್ನು ಮನೆಮನೆಗೆ ಹೋಗಿ ಧ್ವನಿಮುದ್ರಿಸಿಕೊಂಡಿದ್ದಳು. ಅವರಲ್ಲಿ ಅವಳ ಅಜ್ಜಿಯೂ ಒಬ್ಬಳು. ಮುದ್ರಿಸಿದ ಮೂರು ತಿಂಗಳಿಗೆ ಅಜ್ಜಿ ತೀರಿಕೊಂಡಳು.

“ದೊಡ್ಡವ್ವ, ಲ್ಯಾಪ್‌ಟಾಪ್ ಕೆಟ್ಟು ಹೋತು. ಅಜ್ಜಿ ಮಾತೂ ಹೋತು” ಎಂದು ಅತ್ತಳು. ಸ್ವಲ್ಪ ಹೊತ್ತಿನ ಮೇಲೆ, “ತಡಿ, ಯುನಿವರ್ಸಿಟಿ ಡ್ರೈವಿನ್ಯಾಗೂ ಇಟ್ಟೇನಿ ಅನಸ್ತೈತಿ” ಎಂದಳು. ಇಟ್ಟಿದ್ದಳು. ಎಲ್ಲವೂ ಸಿಕ್ಕಿತು.

ಅದೇನು ಡ್ರೈವು ಎಂದು ಕೇಳಿದೆ. ವಿಶ್ವವಿದ್ಯಾಲಯದ ಒಂದು ಕೋಣೆಯಲ್ಲಿ ದೊಡ್ಡ ಕಂಪ್ಯೂಟರು, ಅದರಲ್ಲಿ ಹಲವು ಡಿಸ್ಕುಗಳು. ನಮ್ಮ ಹೆಸರು, ಪಾಸ್‌ವರ್ಡ್ ಕೊಟ್ಟರೆ ವಿಭಾಗದ ಯಾವ ಕಂಪ್ಯೂಟರಿನಲ್ಲಿ ಕುಳಿತರೂ ನಮ್ಮ ಕಡತ ತೆರೆಯುತ್ತದೆ. ಊರಿಂದ ತೆರೆಯಬೇಕಾದರೆ ಮೊದಲು ವಿಪಿಎನ್ ಎಂಬ ಒಳದಾರಿ ಹಿಡಿಯಬೇಕು. ಕೆಲವರಿಗೆ ಓದುವ ಹಕ್ಕು ಮಾತ್ರ, ಕೆಲವರಿಗೆ ತಿದ್ದುವ ಹಕ್ಕೂ ಉಂಟು.

ಇದರ ಕಥೆ ಹಳೆಯದು. 1956ರಲ್ಲಿ ಐಬಿಎಂ ಕಂಪನಿ ತಂದ ಮೊದಲ ಡಿಸ್ಕಿನಲ್ಲಿ ಎರಡು ಅಡಿ ಅಗಲದ 50 ತಟ್ಟೆಗಳು. ಅಷ್ಟಿದ್ದೂ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ. ಇಂದಿನ ಒಂದೆರಡು ಫೋಟೋಗಳಷ್ಟು! 1980ರ ದಶಕದ ಮೊದಲಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಅದೇ ಕಂಪನಿಯ ಜೊತೆ ‘ಆಂಡ್ರ್ಯೂ’ ಯೋಜನೆ ಆರಂಭಿಸಿತು. ವಿದ್ಯಾರ್ಥಿ ಎಲ್ಲಿ ಕುಳಿತರೂ ತನ್ನ ಕಡತ ತನಗೆ ಸಿಗಬೇಕೆಂಬುದು ಅದರ ಉದ್ದೇಶ. 1984ರಲ್ಲಿ ಸನ್ ಕಂಪನಿಯೂ ಇಂಥದೇ ಏರ್ಪಾಟು ತಂದಿತು.

ಆ ಕಾಲಕ್ಕೆ ಚಿಕ್ಕೋಡಿ, ರಾಯಬಾಗ, ಕಾಗವಾಡದ ಹುಡುಗಿಯರಿಗೆ ವಿಶ್ವವಿದ್ಯಾಲಯವೆಂದರೆ ಧಾರವಾಡ. ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದದ್ದು 2010ರಲ್ಲಿ. ನಮ್ಮ ಟಿಪ್ಪಣಿಗಳಿಗೆ ಟ್ರಂಕೇ ಗತಿ. ಮದುವೆಯಾದ ಮೇಲೆ ಆ ಟ್ರಂಕು ಅಟ್ಟ ಸೇರಿತು. ನನ್ನ ಟಿಪ್ಪಣಿಗಳನ್ನು ಗೆದ್ದಲು ಓದಿ ಮುಗಿಸಿತು.

ಹಾಗೆಂದು ಡ್ರೈವನ್ನೇ ನಂಬಿ ಕೂಡುವಂತಿಲ್ಲ. ಒಂದು ಡಿಸ್ಕು ಕೆಟ್ಟರೆ ಉಳಿದವು ಸಾಮಾನು ಉಳಿಸಿಕೊಳ್ಳುವ ಹಾಗೆ ಜೋಡಿಸಿರುತ್ತಾರೆ, ನಿಜ. ಆದರೆ ಯಾರೋ ಕೈತಪ್ಪಿ ಅಳಿಸಿದರೆ ಎಲ್ಲ ಡಿಸ್ಕುಗಳಿಂದಲೂ ಅಳಿಯುತ್ತದೆ. ಅದಕ್ಕೇ ಬೇರೆ ಕಡೆ ಇನ್ನೊಂದು ಪ್ರತಿ ಬೇಕು. ಇನ್ನೊಂದು ಮಾತು: ಓದು ಮುಗಿದು ಹೊರಬಿದ್ದ ಮೇಲೆ ಸಾಮಾನ್ಯವಾಗಿ ಖಾತೆ ಮುಚ್ಚುತ್ತಾರೆ. ಪ್ರಬಂಧವೇನೋ ಶೋಧಗಂಗಾ ಎಂಬ ಜಾಲತಾಣ ಸೇರುತ್ತದೆ, ದೇಶವೆಲ್ಲ ಓದಬಹುದು. ಆದರೆ ಆ ಮುದುಕಿಯರ ಧ್ವನಿ ಅಲ್ಲಿಗೆ ಹೋಗುವುದಿಲ್ಲ. ಬೀಡಿ ಕಟ್ಟುತ್ತ ಅವರು ನಕ್ಕದ್ದು, ಕೆಮ್ಮಿದ್ದು ಪ್ರಬಂಧದ ಯಾವ ಪುಟದಲ್ಲೂ ಇಲ್ಲ.

ಇದನ್ನು ಹೇಳಿ, “ಖಾತೆ ಮುಚ್ಚೂದ್ರಾಗ ಎಲ್ಲಾ ಇಳಿಸ್ಕೊ ತಂಗಿ” ಎಂದೆ. ದೀಪಾವಳಿಗೆ ಬಂದಾಗ ಅಂಗೈಯಗಲದ ಎರಡು ಡಿಸ್ಕು ತಂದಳು. ಒಂದು ಅವಳಿಗೆ, ಒಂದು ನನ್ನ ಬಳಿ ಇಡಲು. ಆ ಸಂಜೆ ಇಬ್ಬರೂ ಕುಳಿತು ಅವಳ ಅಜ್ಜಿಯ ಮಾತು ಕೇಳಿದೆವು. ನಡುವೆ ಮುದುಕಿ, “ಚಾ ಆರ್ತೈತಿ, ಕುಡಿ ಮೊದ್ಲ” ಎಂದಳು. ಹುಡುಗಿ ಕಣ್ಣೊರೆಸಿಕೊಂಡು, ಆರಿದ ಚಹಾ ಎತ್ತಿಕೊಂಡಳು.