ತನ್ನ ತಪ್ಪನ್ನು ಕಲ್ಲಿನಲ್ಲಿ ಬರೆಸಿದ ಅರಸ

ಅರಸರು ಶಾಸನಗಳಲ್ಲಿ ಸಾಮಾನ್ಯವಾಗಿ ತಮ್ಮ ಗೆಲುವನ್ನೂ ದಾನವನ್ನೂ ಬರೆಸುತ್ತಾರೆ. ಅಶೋಕನು ತನ್ನ ತಪ್ಪನ್ನೂ ಬರೆಸಿದನು. ಪಟ್ಟಾಭಿಷೇಕವಾಗಿ 8 ವರ್ಷಗಳಾದಾಗ ಅವನು ಕಳಿಂಗವನ್ನು ಗೆದ್ದನು. ಆಗ 1 ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು, ಸತ್ತವರು ಇನ್ನೂ ಹಲವು ಪಟ್ಟು ಎಂದು 13ನೆಯ ಬಂಡೆ ಶಾಸನ ಹೇಳುತ್ತದೆ. ಈ ಲೆಕ್ಕ ಕೊಟ್ಟವರು ಸೋತವರಲ್ಲ, ಗೆದ್ದ ಅರಸನೇ. ಅದಕ್ಕಾಗಿ ಅವನು ಪಶ್ಚಾತ್ತಾಪವನ್ನೂ ತೋಡಿಕೊಂಡಿದ್ದಾನೆ.

ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದಲ್ಲಿ ಅವನ ಸ್ವಂತ ಕೊರತೆಯೊಂದು ದಾಖಲಾಗಿದೆ. ಉಪಾಸಕನಾದ ಮೇಲೂ ಒಂದು ವರ್ಷ ತಾನು ಹೆಚ್ಚು ಶ್ರಮಿಸಲಿಲ್ಲವೆಂದು ಅಲ್ಲಿ ಒಪ್ಪಿಕೊಂಡಿದ್ದಾನೆ.

ಆದರೆ ಇತಿಹಾಸ ಓದುವವರು ಇನ್ನೊಂದನ್ನೂ ಗಮನಿಸಬೇಕು. ಕಳಿಂಗದಲ್ಲೇ ಇರುವ ಧೌಲಿ, ಜೌಗಡದ ಬಂಡೆಗಳ ಮೇಲೆ ಆ 13ನೆಯ ಶಾಸನವಿಲ್ಲ. ಜನರನ್ನು ನ್ಯಾಯದಿಂದ ನಡೆಸಿಕೊಳ್ಳಿರೆಂದು ಅಧಿಕಾರಿಗಳಿಗೆ ಕೊಟ್ಟ ಆದೇಶಗಳು ಅಲ್ಲಿವೆ. ಗೆದ್ದ ನಾಡನ್ನು ಅವನು ಬಿಟ್ಟುಕೊಡಲೂ ಇಲ್ಲ. ನೊಂದವರ ಎದುರಿಗೇ ತಪ್ಪೊಪ್ಪುವುದು ಅಶೋಕನಂಥವನಿಗೂ ಕಷ್ಟವಾಗಿತ್ತೆಂದು ಕಾಣುತ್ತದೆ. ಮನುಷ್ಯನಿಗೆ ತನ್ನ ಒಳಿತು ಮಾತ್ರ ಕಾಣುತ್ತದೆ, ಕೆಡುಕು ಕಾಣುವುದಿಲ್ಲವೆಂದು ಸ್ತಂಭ ಶಾಸನವೊಂದರಲ್ಲಿ ಹೇಳಿದವನೂ ಅವನೇ.

ಸಾರನಾಥದ ಅವನ ಸಿಂಹಗಳು ಇಂದು ನಮ್ಮ ರಾಷ್ಟ್ರಲಾಂಛನ. ಆ ಲಾಂಛನಕ್ಕೆ ಗೌರವ ಸಲ್ಲಿಸುವ ನಮ್ಮ ಮಕ್ಕಳು ದೇಶದ ಹಿರಿಮೆಯ ಜೊತೆಗೆ ಅದರ ತಪ್ಪುಗಳನ್ನೂ ಓದಲಿ. ತಿದ್ದಿಕೊಳ್ಳುವ ಕೆಲಸ ಪ್ರತಿಯೊಬ್ಬರೂ ತಮ್ಮಿಂದಲೇ ಆರಂಭಿಸಲಿ.