ಟಿಪ್ಪಣಿಯಿಂದ ಪರದೆಗೆ: ಹಳೆ ಮೈಸೂರಿನ ಗ್ರಾಮನಕ್ಷೆ ಮತ್ತು ಗಡಿರೇಖೆಯ ನಿಖರತೆ

ಹೊಲದ ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರು ತಿಳಿಯುತ್ತದೆ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ಈ ಆ್ಯಪ್, ಕಚೇರಿಯ ಬೀರುಗಳಲ್ಲಿದ್ದ ಗ್ರಾಮನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಹಾಸಿ ರೈತರ ಕೈಗೆ ಕೊಟ್ಟಿದೆ. ಇದು ದೊಡ್ಡ ಉಪಕಾರ. ಆದರೆ ಪರದೆಯಲ್ಲಿ ಕಾಣುವ ಗೆರೆಯನ್ನೇ ಗಡಿಯೆಂದು ಹಿಡಿದು ಬೇಲಿ ಹಾಕಬಹುದೇ? ಆ ಗೆರೆ ಎಲ್ಲಿಂದ ಬಂತು, ದಾರಿಯಲ್ಲಿ ಎಷ್ಟೆಷ್ಟು ಜರುಗಿತು ಎಂಬುದನ್ನು ಲೆಕ್ಕ ಹಾಕಿ ನೋಡುವುದು ಇಲ್ಲಿನ ಉದ್ದೇಶ. ಮೂಲ ಅಳತೆ ನಾವು ಭಾವಿಸಿದ್ದಕ್ಕಿಂತ ಸೂಕ್ಷ್ಮವಾಗಿತ್ತು. ಅಳತೆಯನ್ನು ಬಿಟ್ಟು ಚಿತ್ರವನ್ನು ಮಾತ್ರ ಡಿಜಿಟಲ್ ಮಾಡಿದ್ದರಿಂದ ಆ ಸೂಕ್ಷ್ಮತೆ ಕಳೆದುಹೋಯಿತು ಎಂಬುದು ಈ ಲೇಖನದ ವಾದ.

ಮೈಸೂರು ಸೀಮೆಯನ್ನು 19ನೇ ಶತಮಾನದಲ್ಲಿ ಎರಡು ಬೇರೆ ಬೇರೆ ಉದ್ದೇಶಗಳಿಗಾಗಿ ಅಳೆಯಲಾಯಿತು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹತ್ತಿರ ಆಧಾರರೇಖೆಯೊಂದನ್ನು ಅಳೆದ. 1802ರಲ್ಲಿ ಮದರಾಸಿನಿಂದ ತ್ರಿಕೋನಮಿತಿ ಸರ್ವೆ ಆರಂಭವಾಯಿತು. ಆ ತ್ರಿಕೋನಗಳ ಸಾಲು ಬೆಂಗಳೂರಿಗೆ ತಲುಪಿದ ಮೇಲೆ, 1804ರಲ್ಲಿ ಮತ್ತೆ ಅಳೆದ ಏಳು ಮೈಲಿಗಿಂತ ಉದ್ದದ ರೇಖೆಗೂ ಲೆಕ್ಕದಿಂದ ಬಂದ ಉದ್ದಕ್ಕೂ ನಾಲ್ಕು ಅಂಗುಲದಷ್ಟೂ ವ್ಯತ್ಯಾಸವಿರಲಿಲ್ಲ. ಮೈಸೂರಿನ ಕಂದಾಯ ಸರ್ವೆ ಶುರುವಾದದ್ದು 1860ರ ದಶಕದಲ್ಲಿ, ಮುಂಬಯಿ ಪ್ರಾಂತ್ಯದಲ್ಲಿ ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ನೆಲೆಗೊಳಿಸಿದ ಪದ್ಧತಿಯಂತೆ. ಕಂದಾಯ ಕಟ್ಟಲು ಹೊಲದ ವಿಸ್ತೀರ್ಣ ಬೇಕಿತ್ತೇ ಹೊರತು ಅಕ್ಷಾಂಶ ರೇಖಾಂಶಗಳು ಬೇಕಿರಲಿಲ್ಲ. ಹೀಗಾಗಿ ಎರಡನೆಯ ಅಳತೆ ಮೊದಲನೆಯದರ ಬಿಂದುಗಳಿಗೆ ಬಹುಮಟ್ಟಿಗೆ ಜೋಡಣೆಯಾಗಲೇ ಇಲ್ಲ. (ಮದರಾಸು ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡ, ಬಳ್ಳಾರಿಗಳ ಸರ್ವೆ ಪದ್ಧತಿ ಬೇರೆ, ಮುಂದಿನ ಲೆಕ್ಕ ಅವಕ್ಕೆ ಅನ್ವಯಿಸದು.)

ಕಂದಾಯ ಸರ್ವೆಯ ಸರಪಳಿ 33 ಅಡಿ ಉದ್ದದ್ದು. ಅದರಲ್ಲಿ 16 ಆಣೆ. ಒಂದು ಸರಪಳಿ ಚೌಕ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಸರ್ವೆಯವರು ಹೊಲದ ಮೂಲೆಯಿಂದ ಮೂಲೆಗೆ ನಡುರೇಖೆ ಎಳೆದು, ಕ್ರಾಸ್‌ಸ್ಟಾಫ್ ಇಟ್ಟು ಪ್ರತಿ ಬಾಂದುಕಲ್ಲಿಗೂ ಲಂಬವಾಗಿ ಅಳೆದು, ಸರಪಳಿ ಮತ್ತು ಆಣೆಗಳಲ್ಲಿ ಟಿಪ್ಪಣಿ ಬರೆದರು. ಒಂದು ಆಣೆ ಎಂದರೆ ಸುಮಾರು 63 ಸೆಂಟಿಮೀಟರ್. ಟಿಪ್ಪಣಿಯ ಚಿತ್ರ ಸ್ಕೇಲಿಗೆ ಬರೆದದ್ದಲ್ಲ, ನೋಡಲು ಒರಟು. ಆದರೆ ಕಲ್ಲಿನಿಂದ ಕಲ್ಲಿಗಿರುವ ದೂರವನ್ನು ಅದು ಮೀಟರಿಗಿಂತ ಕಡಿಮೆ ಅಂತರದಲ್ಲಿ ಹಿಡಿದಿಟ್ಟಿದೆ. ಆ ಅಳತೆಗಳನ್ನು ಕೂಡಿಸಿ ಬರೆದ ಗ್ರಾಮನಕ್ಷೆಯ ಸ್ಕೇಲು ಮೈಲಿಗೆ ಎಂಟು ಅಂಗುಲ, ಅಂದರೆ 1:7920. ಇಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಶಾಯಿಗೆರೆ ನೆಲದ ಮೇಲೆ ಸುಮಾರು 4 ಮೀಟರ್ ಆಗುತ್ತದೆ. 200 ಮೀಟರ್ ಉದ್ದದ ಗಡಿಯಾದರೆ ಗೆರೆಯ ಅಡಿಯಲ್ಲೇ 800 ಚದರ ಮೀಟರ್, ಹತ್ತಿರ ಹತ್ತಿರ ಎಂಟು ಗುಂಟೆ ಜಮೀನು ಅಡಗುತ್ತದೆ. ಎರಡು ಎಕರೆಯ ಹಿಡುವಳಿದಾರನಿಗೆ ಇದು ಹತ್ತರಲ್ಲಿ ಒಂದು ಪಾಲು.

ನಕ್ಷೆಯನ್ನು ಸ್ಕ್ಯಾನ್ ಮಾಡುವಾಗ ಇನ್ನಷ್ಟು ದೋಷ ಸೇರುತ್ತದೆ. ನೂರು ವರ್ಷದ ಕಾಗದ ನೂರಕ್ಕೆ ಅರ್ಧದಷ್ಟು ಕುಗ್ಗಿದ್ದರೂ 2 ಕಿಲೋಮೀಟರ್ ಅಗಲದ ಗ್ರಾಮದಲ್ಲಿ 10 ಮೀಟರ್ ವ್ಯತ್ಯಾಸ ಬರುತ್ತದೆ. ನಕ್ಷೆಯಲ್ಲೂ ಉಪಗ್ರಹ ಚಿತ್ರದಲ್ಲೂ ಒಂದೇ ಎಂದು ಗುರುತಿಸಬಲ್ಲ ಬಿಂದುಗಳನ್ನು ಹುಡುಕಿ, ಅವು ಕೂಡುವಂತೆ ನಕ್ಷೆಯನ್ನು ಹಿಗ್ಗಿಸಿ ಕುಗ್ಗಿಸಿ ಕೂರಿಸುತ್ತಾರೆ. ಕೆರೆಯ ಏರಿ, ದಾರಿ ಕೂಡುವ ಕಡೆ, ಮೂರು ಗ್ರಾಮಗಳ ಗಡಿ ಸೇರುವ ಕಲ್ಲು ಇವೇ ಇದಕ್ಕೆ ಆಸರೆ. ಅಂಥ ಬಿಂದು ಹತ್ತಿರವಿಲ್ಲದ ಹೊಲದ ಗೆರೆ ಎತ್ತ ಜರುಗಿದೆಯೆಂದು ಪರದೆ ಹೇಳುವುದಿಲ್ಲ. ಸ್ಥಳಾಕೃತಿ ನಕ್ಷೆಗಳನ್ನು ಬೆರೆಸುವವರಿಗೆ ಮತ್ತೊಂದು ತೊಡಕಿದೆ. ಭೂಮಿಯ ಆಕಾರದ ಮಾದರಿಯಾಗಿ ಹಳೆಯವು ಎವರೆಸ್ಟ್ ಗೋಳಾಭವನ್ನೂ ಜಿಪಿಎಸ್ ಡಬ್ಲ್ಯುಜಿಎಸ್ 84 ಅನ್ನೂ ಆಧರಿಸಿರುವುದರಿಂದ, ಪರಿವರ್ತನೆ ಮರೆತರೆ ಬೆಂಗಳೂರಿನ ಸುತ್ತ ಬಿಂದುಗಳು ನೂರು ಮೀಟರಿಗಿಂತ ಹೆಚ್ಚು ಸರಿಯುತ್ತವೆ. ಇಷ್ಟರ ಮೇಲೆ, ಬಯಲಿನಲ್ಲಿಯೂ ಮೊಬೈಲಿನ ಜಿಪಿಎಸ್ ನಮ್ಮ ಜಾಗವನ್ನು ತೋರಿಸುವುದು ಸುಮಾರು 5 ಮೀಟರಿನ ಅಂದಾಜಿನಲ್ಲಿ. ಗುಂಟೆಯ ಪಕ್ಕದ ಉದ್ದವೇ 10 ಮೀಟರ್ ಎಂಬುದನ್ನು ನೆನೆದರೆ ಇದರ ಗಾಂಭೀರ್ಯ ತಿಳಿಯುತ್ತದೆ.

2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. ಅಂದು ಕಂಪ್ಯೂಟರಿಗೆ ಬಂದದ್ದು ಹೆಸರು, ವಿಸ್ತೀರ್ಣಗಳ ಬರಹ. ನಕ್ಷೆ ಬೇರೆ ದಾರಿಯಲ್ಲಿ ಬಂತು. ಹಾಗಾಗಿ ಪಹಣಿಯ ವಿಸ್ತೀರ್ಣಕ್ಕೂ ಪರದೆಯ ಮೇಲಿನ ಆಕೃತಿಯ ವಿಸ್ತೀರ್ಣಕ್ಕೂ ತಾಳೆಯಾಗದಿದ್ದರೆ ಅದನ್ನು ಒತ್ತುವರಿಯ ಪುರಾವೆ ಎನ್ನಲಾಗದು. ಹದ್ದುಬಸ್ತಿಗೆ ಟಿಪ್ಪಣಿಯೇ ಆಧಾರವಾಗಬೇಕು.

ಇದೇ ಹಾಸುನಕ್ಷೆ ಬೇರೊಂದು ಕೆಲಸದಲ್ಲಿ ಅಪಾರ ಬೆಲೆಯುಳ್ಳದ್ದು. ಕೆರೆ, ರಾಜಕಾಲುವೆ, ಬಂಡಿದಾರಿ, ಗುಂಡುತೋಪು, ಸಾರ್ವಜನಿಕರಿಗೆಂದು ಬಿಟ್ಟ ಬಿ ಖರಾಬು ಇವೆಲ್ಲ ಗ್ರಾಮನಕ್ಷೆಯಲ್ಲಿವೆ. ಇಂದಿನ ಉಪಗ್ರಹ ಚಿತ್ರದಲ್ಲಿ ಅದೇ ಜಾಗ ಬಡಾವಣೆಯಾಗಿ ಕಾಣಬಹುದು. ಕಾಲುವೆಯ ಗೆರೆ 5 ಮೀಟರ್ ಸರಿದಿದ್ದರೂ ಅಲ್ಲಿ ಕಾಲುವೆಯೊಂದಿತ್ತು ಎಂಬ ಸತ್ಯ ಅಳಿಯುವುದಿಲ್ಲ. ನೀರಿನ ದಾರಿ ಹುಡುಕುವವನಿಗೆ ಸಾಕಾಗುವ ನಿಖರತೆ ಬೇಲಿ ಹಾಕುವವನಿಗೆ ಸಾಲದು. ಈ ಭೇದವನ್ನು ನಕ್ಷೆಯೇ ಹೇಳುವಂತಿರಬೇಕು. ಪ್ರತಿ ಗ್ರಾಮದ ಪದರದ ಜೊತೆ ಮೂಲ ಸರ್ವೆಯ ವರ್ಷ, ಸ್ಕೇಲು, ಆಸರೆಯಾದ ಬಿಂದುಗಳು, ಉಳಿದ ದೋಷ ಇಷ್ಟನ್ನು ಪ್ರಕಟಿಸಬೇಕು. ಮರು ಅಳತೆಯಾಗದ ಗಡಿಯನ್ನು ಸಣ್ಣ ಗೆರೆಯಾಗಿ ತೋರಿಸದೆ, ದೋಷದಷ್ಟೇ ಅಗಲದ ಪಟ್ಟಿಯಾಗಿ ತೋರಿಸಬೇಕು.

ಮರು ಅಳತೆಗೆ ಈಗ ಅಡ್ಡಿ ಕಡಿಮೆ. ಕೇಂದ್ರ ಸರ್ಕಾರದ ಫೆಬ್ರವರಿ 2021ರ ಮಾರ್ಗಸೂಚಿಗಳು ಭಾರತೀಯ ಸಂಸ್ಥೆಗಳು ನಕ್ಷೆ ತಯಾರಿಸಲು ಪಡೆಯಬೇಕಿದ್ದ ಪೂರ್ವಾನುಮತಿಯನ್ನು ತೆಗೆದುಹಾಕಿದವು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಕೋರ್ಸ್ (ಸದಾ ಚಾಲನೆಯಲ್ಲಿರುವ ಉಪಗ್ರಹ ಸಂಕೇತದ ಆಧಾರ ಕೇಂದ್ರಗಳ) ಜಾಲದ ನೆರವಿನಿಂದ ಒಂದು ಕಲ್ಲಿನ ಸ್ಥಾನವನ್ನು ಸೆಂಟಿಮೀಟರುಗಳ ಲೆಕ್ಕದಲ್ಲಿ ಹಿಡಿಯಬಹುದು. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯ ಡ್ರೋನ್ ಸರ್ವೆ ಗ್ರಾಮಠಾಣಾದ ಮನೆಗಳಿಗೆ ಸಂಬಂಧಿಸಿದ್ದು, ಹೊಲಗಳಿಗಲ್ಲ. ಡ್ರೋನ್ ಬದುವನ್ನು ಕಾಣುತ್ತದೆ. ಉಳುವಾಗ ಒಂದೊಂದು ಸಾಲು ಜರುಗಿದ ಬದು ಮೂಲ ಗಡಿಯೇ ಎಂಬುದನ್ನು ಅದು ಹೇಳಲಾರದು. ಆದ್ದರಿಂದ ಉಳಿದಿರುವ ಬಾಂದುಕಲ್ಲುಗಳ ಸ್ಥಾನ ಮೊದಲು, ಅವುಗಳ ನಡುವೆ ಟಿಪ್ಪಣಿಯ ಆಣೆಗಳು ಆಮೇಲೆ, ಚಿತ್ರ ಕೊನೆಗೆ ಎಂಬ ಕ್ರಮ ಸರಿಯೆಂದು ತೋರುತ್ತದೆ. ರಸ್ತೆ, ಬಡಾವಣೆಗಳ ಕಾಮಗಾರಿಯಲ್ಲಿ ಕಲ್ಲುಗಳು ದಿನವೂ ಕಿತ್ತುಹೋಗುತ್ತಿರುವ ಬೆಂಗಳೂರು ಸುತ್ತಲಿನ ತಾಲ್ಲೂಕುಗಳಿಂದಲೇ ಈ ಕೆಲಸ ಶುರುವಾಗಬೇಕು.