ರಾಣಿಯ ಊಟ, ಪೋಪರ ಔಷಧ

ಮೊಟ್ಟೆ ಒಂದೇ ಬಗೆಯದು. ಅದರಿಂದ ಹೊರಬಂದ ಮರಿಹುಳು ಕೆಲಸಗಾರ ಜೇನಾದರೆ ಬೇಸಿಗೆಯಲ್ಲಿ ಐದಾರು ವಾರ ದುಡಿದು ಸಾಯುತ್ತದೆ. ರಾಣಿಯಾದರೆ ಎರಡು ಮೂರು ವರ್ಷ ಬದುಕಿ, ಸುಗ್ಗಿಯ ಕಾಲದಲ್ಲಿ ದಿನಕ್ಕೆ ಸಾವಿರಕ್ಕೂ ಮಿಕ್ಕಿ ಮೊಟ್ಟೆ ಇಡುತ್ತದೆ. ಈ ಅಜಗಜಾಂತರಕ್ಕೆ ಕಾರಣ ಊಟ. ಎಳೆಯ ಕೆಲಸಗಾರ ಜೇನುಗಳ ತಲೆಯಲ್ಲಿರುವ ಗ್ರಂಥಿಗಳು ಒಸರುವ, ಕೆನೆಯಂತೆ ಬೆಳ್ಳಗಿರುವ ಹುಳಿ ರಸವೇ ರಾಯಲ್ ಜೆಲ್ಲಿ. ಉಳಿದ ಮರಿಗಳಿಗೆ ಇಂಥ ರಸ ಮೊದಲ ಮೂರು ದಿನ ಮಾತ್ರ. ರಾಣಿಯಾಗುವ ಮರಿಗೆ ಕೊನೆಯತನಕ.

ಕೆಲಸಗಾರ ಮರಿಯನ್ನೇ ಜೇನುಗಳು ರಾಣಿಯಾಗಿ ಬೆಳೆಸಬಲ್ಲವು ಎಂದು 18ನೇ ಶತಮಾನದಲ್ಲಿ ಹೇಳಿದವನು ಜರ್ಮನಿಯ ಪಾದ್ರಿ ಶಿರಾಕ್. ಅದನ್ನು ಪರೀಕ್ಷಿಸಿ ದೃಢಪಡಿಸಿದವನು ಜಿನೀವಾದ ಫ್ರಾನ್ಸ್ವಾ ಹ್ಯೂಬರ್. ಆತ ಕುರುಡ! ಸೇವಕ ಬರ್ನೆನ್ಸ್ ಗೂಡಿನೊಳಗೆ ನೋಡಿ ಹೇಳುತ್ತಿದ್ದ. ಹ್ಯೂಬರ್ ಕೇಳಿ, ತರ್ಕಿಸಿ, ಮತ್ತೆ ನೋಡಲು ಹೇಳುತ್ತಿದ್ದ. 1792ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಈ ರಸಕ್ಕೆ 'ರಾಜ ಜೆಲ್ಲಿ' ಎಂಬರ್ಥದ ಫ್ರೆಂಚ್ ಹೆಸರಿದೆ. ಮುಂದೆ ಮಾರುಕಟ್ಟೆಗೆ ಬಂಡವಾಳವಾದದ್ದು ಈ ಹೆಸರೇ.

ಜನಸಾಮಾನ್ಯರ ಕಿವಿಗೆ ಅದು ಬಿದ್ದದ್ದು ತುಂಬ ತಡವಾಗಿ. 1954ರಲ್ಲಿ ಪೋಪ್ ಹನ್ನೆರಡನೇ ಪಯಸ್ ಬಿಡದ ಬಿಕ್ಕಳಿಕೆ, ಹೊಟ್ಟೆಬೇನೆಯಿಂದ ಹಾಸಿಗೆ ಹಿಡಿದರು; ಕೊನೆಗೆ ಚೇತರಿಸಿಕೊಂಡರು. ವೈದ್ಯ ಗಲಿಯಾತ್ಸಿ-ಲೀಸಿ ಅವರಿಗೆ ರಾಯಲ್ ಜೆಲ್ಲಿ ಕೊಟ್ಟಿದ್ದನೆಂಬ ಸುದ್ದಿ ಹಬ್ಬಿತು. ಅದೇ ವರ್ಷ ಅವರಿಗೆ ಬೇರೆ ಚಿಕಿತ್ಸೆಗಳೂ ನಡೆದಿದ್ದವೆಂಬುದು ಜಾಹೀರಾತಿಗೆ ಬೇಕಿರಲಿಲ್ಲ. ಈ ವೈದ್ಯ ಮೂಲತಃ ಕಣ್ಣಿನ ತಜ್ಞ. 1958ರಲ್ಲಿ ಪೋಪರ ಅಂತ್ಯಕಾಲದ ಚಿತ್ರಗಳನ್ನು, ವಿವರಗಳನ್ನು ಪತ್ರಿಕೆಗಳಿಗೆ ಮಾರಿ ಹೆಸರು ಕೆಡಿಸಿಕೊಂಡ. ರಾಯಲ್ ಜೆಲ್ಲಿಯ ಹೆಸರು ಮಾತ್ರ ಕೆಡಲಿಲ್ಲ.

ಬೆಲೆ ದುಬಾರಿಯಾಗಿರುವುದಕ್ಕೆ ಕಾರಣವುಂಟು. ಕೃತಕ ರಾಣಿ ಕೋಶಗಳಲ್ಲಿ ಎಳೆಯ ಮರಿಗಳನ್ನಿಟ್ಟು, ಮೂರನೇ ದಿನ ಮರಿಯನ್ನು ತೆಗೆದು, ಕೆಳಗಿನ ರಸವನ್ನು ಬಳಿದುಕೊಳ್ಳಬೇಕು. ಒಂದು ಕೋಶಕ್ಕೆ ಅರ್ಧ ಗ್ರಾಮೂ ದಕ್ಕುವುದಿಲ್ಲ. ಇಂದು ಇದರ ಅತಿ ದೊಡ್ಡ ಉತ್ಪಾದಕ ದೇಶ ಚೀನಾ.

ಹಾಗಾದರೆ ಇದರಲ್ಲಿ ಏನಿದೆ? ಸುಮಾರು ಮೂರರಲ್ಲಿ ಎರಡು ಪಾಲು ನೀರು. ಉಳಿದದ್ದು ಪ್ರೋಟೀನ್, ಸಕ್ಕರೆ, ಸ್ವಲ್ಪ ಕೊಬ್ಬು. ರಾಣಿಯನ್ನು ಬೆಳೆಸುವ ರಸ ಮನುಷ್ಯನಿಗೂ ಯೌವನ ಕೊಟ್ಟೀತೆಂಬುದು ಬರೀ ಊಹೆ. ರಾಣಿಯ ವಿಷಯದಲ್ಲೂ ಗುಟ್ಟು ರಸದಲ್ಲಷ್ಟೇ ಅಡಗಿಲ್ಲ. ಕೆಲಸಗಾರ ಮರಿಗಳು ತಿನ್ನುವ ಪರಾಗದಲ್ಲಿರುವ ಒಂದು ಸಸ್ಯಾಮ್ಲ ಅಂಡಾಶಯದ ಬೆಳವಣಿಗೆಯನ್ನು ಕುಗ್ಗಿಸುತ್ತದೆಂದು 2015ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಅಂದರೆ ರಾಣಿ ಏನು ತಿಂದಳೆಂಬುದರ ಜೊತೆಗೆ ಏನು ತಿನ್ನಲಿಲ್ಲವೆಂಬುದೂ ಮುಖ್ಯ. ರಾಯಲ್ ಜೆಲ್ಲಿಯ ಆರೋಗ್ಯ ಲಾಭಗಳೆಂದು ಮುಂದಿಟ್ಟ ವಾದಗಳಿಗೆ ಸಾಕಷ್ಟು ಆಧಾರವಿಲ್ಲವೆಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2011ರಲ್ಲೇ ಹೇಳಿದೆ.

ಲಾಭವಿಲ್ಲದಿದ್ದರೂ ನಷ್ಟವೇನು ಎನ್ನುವವರಿದ್ದಾರೆ. ನಷ್ಟ ದುಡ್ಡಿನದಷ್ಟೇ ಅಲ್ಲ. ಆಸ್ತಮಾ, ಅಲರ್ಜಿ ಇರುವವರಿಗೆ ಇದು ಉಸಿರು ಕಟ್ಟಿಸಬಲ್ಲದು. ಅಪರೂಪಕ್ಕೆ ಸಾವೂ ಸಂಭವಿಸಿದೆ. ಆಸ್ಟ್ರೇಲಿಯಾದಲ್ಲಿ ಈ ಎಚ್ಚರಿಕೆಯನ್ನು ಡಬ್ಬಿಯ ಮೇಲೆ ಅಚ್ಚು ಹಾಕದೆ ರಾಯಲ್ ಜೆಲ್ಲಿಯನ್ನು ಆಹಾರವೆಂದು ಮಾರುವಂತಿಲ್ಲ.